ಎಪ್ಪತ್ತೊಂದು ಇಂಚು ಹಿಮ

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷು ಓದಲು ಬರುವುದಿಲ್ಲ, ಅಂಕಿ ಬರುತ್ತದೆ. ಆ ವರ್ಷ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ, ಮಗಳ ಮನೆಯಲ್ಲಿ, ಬೆಳಗಾಗೆದ್ದು ನಾನು ಮಾಡುತ್ತಿದ್ದ ಮೊದಲ ಕೆಲಸ ಕೊಲರಾಡೋದ ಒಂದು ಬೆಟ್ಟದ ಮೇಲೆ ಎಷ್ಟು ಹಿಮ ಇದೆ ಎಂದು ಕೇಳಿ ಬರೆದಿಡುವುದು. ಆ ಬೆಟ್ಟವನ್ನು ನಾನು ಕಂಡವಳಲ್ಲ. ಮಾರ್ಚಿಗೇ ಹೊರಗೆ ಸೆಕೆ, ಬೆವರು. ನನ್ನ ಮೈಮೇಲಿನ ಸ್ವೆಟರು ಮಾತ್ರ ಇಳಿದಿರಲಿಲ್ಲ.

ಜನವರಿಯಲ್ಲಿ ನಮ್ಮ ಅಳಿಯಂದಿರು ಡಾಲಸ್‌ನ ಇಬ್ಬರು ಗೆಳೆಯರ ಜೊತೆ ಅಲ್ಲಿಗೆ ಸ್ಕೀ ಮಾಡಲು ಹೋದರು. ದಾಟಬಾರದು ಎಂದು ಹಗ್ಗ ಕಟ್ಟಿದ್ದ ಕಡೆ ಮೂವರೂ ಹಗ್ಗದಡಿ ನುಗ್ಗಿದರು. ಓದಿದವರ ಬುದ್ಧಿ. ಮೇಲಿನ ಹಿಮ ಜಾರಿತು. ಗೆಳೆಯರಿಬ್ಬರು ಎದ್ದು ಬಂದರು. ನಾಯಿ ಬಿಟ್ಟು, ಉದ್ದನೆಯ ಕೋಲು ಚುಚ್ಚಿ ಆರು ದಿನ ಹುಡುಕಿದರು. ಮತ್ತೆ ಹಿಮ ಬಿತ್ತು. ಇನ್ನು ಕರಗಿದ ಮೇಲೇ ಹುಡುಕುವುದು ಎಂದು ಅಲ್ಲಿಂದ ಫೋನು ಬಂತು.

ದೇಹ ಸಿಗದಿದ್ದರೆ ದರ್ಭೆಯಲ್ಲಿ ಆಕಾರ ಮಾಡಿ ಸಂಸ್ಕಾರ ಮಾಡಬಹುದು ಎಂದರು ಪುರೋಹಿತರು. ಮಗಳು ನನ್ನ ಮೇಲೆ ಹರಿಹಾಯ್ದಳು.

"ಹುಲ್ಲು ಸುಟ್ಬಿಟ್ಟು, ಇವ್ರು ನನ್ನ ಗಂಡ ಅನ್ಲಾ? ಅವ್ರು ಸಿಗೋವರ್ಗೂ ನಂಗೆ ಯಾರೂ ಏನೂ ಹೇಳ್ಬೇಡಿ."

ಹೇಳಲಿಲ್ಲ. ಅವಳು ಕುಂಕುಮ ಇಟ್ಟುಕೊಂಡು ಆಫೀಸಿಗೆ ಹೋದಳು. ಸತ್ತರು ಅನ್ನುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅದರಿಂದ ಮನೆ ಇನ್ನೂ ಕೆಟ್ಟಿತು. ಅವರ ಶೂಗಳು ಬಾಗಿಲಲ್ಲೇ ಇದ್ದವು, ನಾನು ದಿನಾ ಸುತ್ತಿಕೊಂಡು ನಡೆದೆ.

ಆ ಬೆಟ್ಟದ ಸ್ಕೀ ರೆಸಾರ್ಟಿನವರು ದಿನಾ ಬೆಳಿಗ್ಗೆ ಫೋನಿನಲ್ಲಿ ಓದಲು ಸಿಗುವಂತೆ ಲೆಕ್ಕ ಕೊಡುತ್ತಿದ್ದರು: ಹೊಸದಾಗಿ ಎಷ್ಟು ಬಿತ್ತು, ಗಾಳಿ ಎಷ್ಟು, ಚಳಿ ಎಷ್ಟು, ಕೆಳಗೆ ಎಷ್ಟು ಇಂಚು ಹಿಮ ಕೂತಿದೆ. ಒಂಬತ್ತು ವರ್ಷದ ಮೊಮ್ಮಗಳು ಓದಿ ಹೇಳುತ್ತಿದ್ದಳು. ಕೂತ ಹಿಮದ ಅಂಕಿಯನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ತಿಥಿ ನಕ್ಷತ್ರದ ಪಕ್ಕ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ.

ಅಲ್ಲೊಂದು ಕ್ಯಾಮೆರಾ ಚಿತ್ರವೂ ಬರುತ್ತಿತ್ತು. ಬಣ್ಣಬಣ್ಣದ ಜಾಕೆಟಿನ ಜನ ಜಾರಿಕೊಂಡು ನಗುತ್ತಿದ್ದರು. ಬಲಗಡೆ ಮರಗಳ ಕೆಳಗೆ ಮಾತ್ರ ಒಬ್ಬರು ಅಲ್ಲಾಡದೆ ನಿಂತೇ ಇರುತ್ತಿದ್ದರು.

"ಅದು ಪೋಲ್, ಅಜ್ಜಿ."

ಕಂಬವೇ ಇರಬೇಕು. ಒಂದು ದಿನ ನೋಡಿದರೆ ಇರಲಿಲ್ಲ. ಹಿಮ ಮುಚ್ಚಿರಬೇಕು. ಆ ದಿನ ನನಗೆ ಅನ್ನ ಇಳಿಯಲಿಲ್ಲ.

ಮಾರ್ಚ್ ಕೊನೆಗೆ ಬಂತು. ಅಂಕಿ ಇಳಿಯಲೇ ಇಲ್ಲ. ಎಂಬತ್ತೆಂಟು, ತೊಂಬತ್ತೊಂದು, ತೊಂಬತ್ತನಾಲ್ಕು. ಇದೆಂಥ ಬೆಟ್ಟ ಎಂದುಕೊಂಡೆ. ಒಂದು ಬೆಳಿಗ್ಗೆ ಹುಡುಗಿ ಸ್ನಾನಕ್ಕೆ ಹೋಗಿದ್ದಾಗ ಕನ್ನಡಕ ಹಾಕಿಕೊಂಡು ನಾನೇ ಫೋನು ತೆಗೆದೆ. ಬೆಟ್ಟದ ಚಿತ್ರದ ಕೆಳಗಿನ ಅಂಕಿಯೇ ಕೂತ ಹಿಮದ್ದು ಎಂದು ಅವಳೇ ಮೊದಲ ದಿನ ತೋರಿಸಿಕೊಟ್ಟಿದ್ದಳು. ಎಪ್ಪತ್ತೊಂದು ಇತ್ತು.

ಅವಳು ಬಂದಳು. "ಇವತ್ತೆಷ್ಟೇ?" ಎಂದೆ.

"ನೈಂಟಿ ಫೈವ್."

"ಸುಳ್ಳಿ. ಎಪ್ಪತ್ತೊಂದು ಅಂತ ನನ್ನ ಕಣ್ಣಿಗೇ ಕಾಣ್ತಿದೆ. ಎಷ್ಟು ದಿನದಿಂದ ನಡೆಸಿದೀಯಾ ಇದನ್ನ?"

ತಲೆ ತಗ್ಗಿಸಿದಳು. ನಾನು ಬೇರೆ ದಾರಿ ಕಾಣದೆ ಹೇಳಿಬಿಟ್ಟೆ. "ನಿಮ್ಮಪ್ಪ ಸತ್ತೋಗಿದಾರೆ ಕಣೆ. ನೀನು ಅಂಕಿ ಏರಿಸಿದ್ರೆ ಎದ್ದು ಬರಲ್ಲ."

"ಐ ನೋ, ಅಜ್ಜಿ. ಬಟ್ ಅಮ್ಮಂಗೆ ಗೊತ್ತಿಲ್ಲ. ಶಿ ಲುಕ್ಸ್ ಅಟ್ ಯುವರ್ ಕ್ಯಾಲೆಂಡರ್. ಎವ್ರಿ ಡೇ."

ನನಗದು ಗೊತ್ತಿರಲಿಲ್ಲ. ಹಿಮ ಇರುವಷ್ಟು ದಿನ ಅಮ್ಮ ಕುಂಕುಮ ಇಟ್ಟುಕೊಂಡು ಎದ್ದು ಓಡಾಡುತ್ತಾಳೆ ಎಂಬುದು ಮಗುವಿನ ಲೆಕ್ಕ. ಆದರೂ ಪೆನ್ಸಿಲು ತೆಗೆದು ಎಪ್ಪತ್ತೊಂದು ಎಂದು ದಪ್ಪಗೆ ಬರೆದೆ.

ಮಗಳು ಕಾಫಿ ಲೋಟ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಳು. ನಾನು ಚಟ್ನಿಗೆ ಕಾಯಿ ತುರಿಯುತ್ತಾ ಬೆನ್ನು ತಿರುಗಿಸಿಯೇ ಇದ್ದೆ.

"ಅಂತೂ ಸರಿಯಾಗಿ ಬರೆದ್ಯಲ್ಲಮ್ಮ," ಎಂದಳು.

"ಅಂದ್ರೆ?"

"ನಾನು ಆಫೀಸಲ್ಲಿ ದಿನಾ ಆ ಅಂಕಿ ನೋಡ್ತೀನಿ. ನಿಂಗೆ ತಡ್ಕೊಳ್ಳೋಕಾಗ್ದೆ ಜಾಸ್ತಿ ಬರೀತಿದೀಯ ಅಂದ್ಕೊಂಡೆ. ಸುಮ್ನಿದ್ದೆ."

ಮೂರು ಹೆಂಗಸರು ಸೇರಿ, ಒಬ್ಬರಿಗಾಗಿ ಒಬ್ಬರು, ಆ ಮನುಷ್ಯನ ಮೇಲೆ ಹಿಮ ಎಳೆದು ಎಳೆದು ಹೊದಿಸುತ್ತಿದ್ದೆವು. ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳದು ಆ ಸುಳ್ಳು ಎಂದು ನಾನು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

"ಏಪ್ರಿಲಲ್ಲಿ ರೆಸಾರ್ಟ್ ಕ್ಲೋಸ್ ಆಗತ್ತೆ. ಆಮೇಲೆ ಯಾರೂ ಅಳೆಯಲ್ಲ," ಎಂದು ಮಗಳು ಕೀ ತೆಗೆದುಕೊಂಡು ಹೊರಟಳು.

ಹಾಗೇ ಆಯಿತು. ಲೆಕ್ಕ ನಿಂತಿತು. ಹಿಮ ಇದ್ದೇ ಇತ್ತು, ಎಷ್ಟೆಂದು ಗೊತ್ತಿಲ್ಲ. ಎದ್ದ ಕೂಡಲೇ ಕೇಳಲು ಏನೂ ಇಲ್ಲದೆ ನಾವು ಮೂವರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಿದೆವು.

ಜೂನಿನ ಒಂದು ಶನಿವಾರ ಕೊಲರಾಡೋದಿಂದ ಫೋನು ಬಂತು. ಮಗಳು ನಿಂತೇ ಕೇಳಿದಳು. ಎಸ್ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಎಸ್ ಎಂದಳು. ನನ್ನ ಕಡೆ ನೋಡಿದಳು.

ನಾನು ಒಲೆ ಆರಿಸಿದೆ. ಬೇಳೆ ಇನ್ನೂ ಬೆಂದಿರಲಿಲ್ಲ.