ಚೀಟಿ ಬರುವ ಮುಂಚೆ

ಚದುರಂಗ ಸಂಘದ ಕಟ್ಟಡದಲ್ಲಿ ಅವರನ್ನು ಎಲ್ಲರೂ ಕೊಕ್ಕೆ ಮಾಸ್ತರು ಎನ್ನುತ್ತಾರೆ. ಅವರು ಯಾರಿಗೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷದಿಂದ ಅಲ್ಲಿಯ ಉಸ್ತುವಾರಿ ಅವರದು: ಬೀಗ ತೆಗೆಯುವುದು, ಗಡಿಯಾರಗಳಿಗೆ ಕೀಲಿ ಕೊಡುವುದು, ಕಳೆದುಹೋದ ಕಾಲಾಳಿಗೆ ಜೊತೆ ಹುಡುಕುವುದು. ಪಂದ್ಯದ ದಿನ ಮಾತ್ರ ಅವರ ಕೈಗೆ ಉದ್ದನೆಯ ಬಿದಿರುಕೋಲು ಬರುತ್ತಿತ್ತು. ಅದರ ತುದಿಯಲ್ಲೊಂದು ಹಿತ್ತಾಳೆ ಕೊಕ್ಕೆ. ಪ್ರೇಕ್ಷಕರ ಕೋಣೆಯ ಗೋಡೆಯ ಮೇಲೆ ಆಳೆತ್ತರದ ಎರಡು ಚದುರಂಗದ ಹಲಗೆಗಳು, ಮನೆಗೊಂದು ಮೊಳೆ. ಆಟದ ಕೋಣೆಯ ಬಾಗಿಲ ಸಂದಿಯಿಂದ ನಡೆ ಬರೆದ ಚೀಟಿ ಬರುತ್ತಿತ್ತು. ಮಾಸ್ತರು ಅದನ್ನು ಓದಿ ತಗಡಿನ ಕಾಯಿಯನ್ನು ಒಂದು ಮೊಳೆಯಿಂದ ಇನ್ನೊಂದಕ್ಕೆ ತೂಗುಹಾಕಿದ ಮೇಲೆ ವಿವರಣೆಗಾರರು ಮಾತು ಶುರುಮಾಡುತ್ತಿದ್ದರು. ಚೀಟಿ ಬರುವ ಮುಂಚೆ ಕಾಯಿ ಮುಟ್ಟಬಾರದು. ಆ ಕೆಲಸಕ್ಕಿದ್ದ ನಿಯಮ ಅದೊಂದೇ.

ಹತ್ತೊಂಬತ್ತು ವರ್ಷದ ಹಿಂದೆ, ಸ್ವಂತ ತಮ್ಮನ ಆಟದಲ್ಲಿ, ಮಾಸ್ತರು ಅದನ್ನು ಮುರಿದರು.

ತಮ್ಮನಿಗೆ ಆಟ ಕಲಿಸಿದವರು ಅವರೇ. ಚಿಕ್ಕವನು ಗಲ್ಲಕ್ಕೆ ಕೈಹಚ್ಚಿ ಕುಳಿತರೆ, "ನಿನ್ನ ಕುದುರೆ ಎಲ್ಲಿಗೆ ಹೋಗುತ್ತೆ ಅಂತ ನಂಗೊತ್ತು ಬಿಡೋ" ಎಂದು ತಾವೇ ಎತ್ತಿಡುತ್ತಿದ್ದರು. ಅವನು ಅಳುತ್ತಿದ್ದ. ಅಣ್ಣ ಇಟ್ಟದ್ದು ಸರಿಯಾಗಿರುತ್ತಿತ್ತು, ಅದಕ್ಕೇ ಇನ್ನಷ್ಟು ಅಳುತ್ತಿದ್ದ.

ಅಂದು ಕೊನೆಯ ಸುತ್ತು. ತಮ್ಮನ ಎದುರಿಗೆ ಯಾರೂ ಹೆಸರು ಕೇಳಿರದ ಹೊಸಬ. ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಇನ್ನೊಬ್ಬನ ಆಟ ಮಹಡಿಯ ಮೇಲೆ ನಡೆಯುತ್ತಿತ್ತು. ಅವನು ಗೆಲ್ಲದಿದ್ದರೆ ತಮ್ಮನಿಗೆ ಅರ್ಧ ಅಂಕ ಸಾಕು. ಆ ಮಹಡಿಯ ಆಟವೂ ಸಪ್ಪೆಯಾಗಿ ಸಮದ ಕಡೆಗೇ ಸಾಗಿತ್ತು. "ನಮ್ಮವನ ಆನೆ ಹಿಂದಿನ ಸಾಲಿಗೆ ಬಂದರೆ ಮುಗಿಯಿತು, ಆಟ ಸಮ, ಪ್ರಶಸ್ತಿ ಮನೆಗೆ" ಎಂದರು ವಿವರಣೆಗಾರರು. ಮಾಸ್ತರ ಕೋಲು ಮೇಲೆದ್ದಿತು. ತಮ್ಮ ಏನು ಆಡುತ್ತಾನೆಂದು ಅವರಿಗೆ ಗೊತ್ತಿರಲಿಲ್ಲವೇ? ಆನೆ ಹಿಂದಿನ ಸಾಲಿಗೆ ಬಂದು ತೂಗಿತು. ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟಿತು.

ನಾಲ್ಕು ನಿಮಿಷದ ಮೇಲೆ ಚೀಟಿ ಬಂತು. ಆನೆ ಮುಂದಕ್ಕೆ ನುಗ್ಗಿತ್ತು.

"ಕೈತಪ್ಪಿತು" ಎಂದು ಗೊಣಗಿ ಮಾಸ್ತರು ಕಾಯಿ ಸರಿಪಡಿಸಿದರು. ಆ ಹುಚ್ಚು ನಡೆಯ ಗದ್ದಲದಲ್ಲಿ ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಹದಿನೇಳು ನಡೆಗಳಲ್ಲಿ ತಮ್ಮ ಸೋತ. ಮಹಡಿಯ ಆಟ ಸಮವಾಗಿ, ಪ್ರಶಸ್ತಿ ಅಲ್ಲಿಗೆ ಹೋಯಿತು. ವಿವರಣೆಗಾರರು ಕನ್ನಡಕ ತೆಗೆದು ಒರೆಸುತ್ತ, "ಅರ್ಧ ಬಡಿಸಿದರೆ ತಟ್ಟೆ ನೂಕುವ ಆಸೆಬುರುಕ" ಎಂದರು. ಆ ಹೆಸರು ತಮ್ಮನಿಗೆ ಅಂಟಿಕೊಂಡಿತು. ಮುಂದಿನ ವರ್ಷದ ಹೊತ್ತಿಗೆ ಅವನು ಆಟ ಬಿಟ್ಟು ಕನ್ನಡಕದ ಅಂಗಡಿ ಹಾಕಿದ್ದ.

ಈಗ ಹಲಗೆಗಳು ಮುರಿದ ಕುರ್ಚಿಗಳ ಹಿಂದೆ ಗೋಡೆಗೆ ಒರಗಿವೆ. ಗೋಡೆಯ ತುಂಬ ಪಂದ್ಯ ತೋರಿಸುವ ಪರದೆ. ಎಲ್ಲಿಂದಲೋ ಮಾತಾಡುವ ಹೊಸ ವಿವರಣೆಗಾರ, ಪಕ್ಕದಲ್ಲಿ ಯಾರ ಕೈ ಮೇಲೆಂದು ಹೇಳುವ ಯಂತ್ರದ ಅಂಕಿ. ಬೆಂಚಿನ ಮೇಲೆ ಅದೇ ಖಾಯಂ ಗಿರಾಕಿಗಳು. ಮೊನ್ನೆ ಅಗ್ರಶ್ರೇಯಾಂಕದವಳೊಬ್ಬಳು ಸಮ ಮಾಡಿಕೊಳ್ಳಬಹುದಾಗಿದ್ದ ಆಟವನ್ನು ಗೆಲ್ಲಲೆಂದು ಎಳೆದು ಸೋತಾಗ ಅವರ ಬಾಯಿಗೆ ಕೆಲಸ ಸಿಕ್ಕಿತು.

"ಯಂತ್ರ ನೋಡ್ಕೊಂಡು ಹೇಳೋದೂ ಒಂದು ಕಾಮೆಂಟರಿನಾ?" ಎಂದರು ಟೈಲರ್. "ಉತ್ತರ ಮುಂದಿಟ್ಕೊಂಡು ಪರೀಕ್ಷೆ ಬರೆದಂಗಾಯ್ತು."

"ನಿಮ್ ಥರ ಅಳತೇನೇ ನೋಡದೆ ಹೊಲಿಯೋದಕ್ಕಿಂತ ವಾಸಿ ಬಿಡ್ರಿ," ಎಂದರು ನಿವೃತ್ತ ಪೋಸ್ಟ್‌ಮ್ಯಾನ್.

ಅಷ್ಟರಲ್ಲಿ ಪರದೆಯ ಮೇಲಿನವನು ನಗುತ್ತ, "ಹಳಬರಿಗೆ ಆಸೆಬುರುಕನ ಆಟ ನೆನಪಾಗಿರಬೇಕು" ಎಂದ. ಬೆಂಚು ಗೊಳ್ಳೆಂದಿತು. ಮಾಸ್ತರು ಗಡಿಯಾರದ ಕಪಾಟಿಗೆ ಬೀಗ ಹಾಕಿ ಹೊರಟರು.

ಅಂಗಡಿಯಲ್ಲಿ ತಮ್ಮ ಯಾರದೋ ಕನ್ನಡಕದ ಚೌಕಟ್ಟಿಗೆ ಸಾಸಿವೆಯಷ್ಟು ಚಿಕ್ಕ ತಿರುಪು ಕೂರಿಸುತ್ತಿದ್ದ. ಪಕ್ಕದಲ್ಲಿ ಫೋನು. ಅದೇ ಕಾಮೆಂಟರಿ.

"ಕೇಳಿಸ್ಕೊಂಡ್ಯಾ?"

"ಹೂಂ. ಇವನು ಪರವಾಗಿಲ್ಲ, ಹೆಸರನ್ನ ಚೆನ್ನಾಗಿ ಉಚ್ಚರಿಸ್ತಾನೆ."

ಮಾಸ್ತರು ನಿಂತೇ ಹೇಳಿದರು. ಕೋಲು, ಆನೆ, ಚಪ್ಪಾಳೆ. ಹೇಳಿ ಮುಗಿಯುವವರೆಗೂ ತಮ್ಮ ತಿರುಪು ಬಿಗಿಯುತ್ತಲೇ ಇದ್ದ.

"ಗೊತ್ತು ಅಣ್ಣ."

"ಯಾರು ಹೇಳಿದ್ರು?"

"ಯಾಕೆ ಹೇಳ್ಬೇಕು? ಗೋಡೆಯಾಚೆ ಚಪ್ಪಾಳೆ ಕೇಳಿಸ್ತು. ಮೇಲಿನವನು ಗೆದ್ದ, ಇನ್ನು ಅರ್ಧ ಸಾಲಲ್ಲ ಅಂದ್ಕೊಂಡೆ. ಆನೆಯನ್ನ ಹಿಂದಿನ ಸಾಲಿಗೆ ಇಡೋಕೆ ಹೋಗಿದ್ದ ಕೈ ವಾಪಸ್ ತಗೊಂಡು, ಮುಂದಕ್ಕೆ ನೂಕಿದೆ. ಆಮೇಲೆ ನೋಡಿದ್ರೆ ಮೇಲೆ ಯಾರೂ ಗೆದ್ದಿಲ್ಲ. ಹಂಗಾದ್ರೆ ಚಪ್ಪಾಳೆ ಯಾವುದಕ್ಕೆ? ನಾನಿನ್ನೂ ಆಡದಿರೋ ನಡೆಯನ್ನ ಅಲ್ಲಿ ಯಾರು ತೂಗುಹಾಕ್ತಾರೆ? ಚಿಕ್ಕಂದಿನಿಂದ ನಂಗಿಂತ ಮುಂಚೆ ನನ್ನ ಕಾಯಿ ಎತ್ತಿಟ್ಟೋನು ನೀನೊಬ್ಬನೇ."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ?"

"ಬಿಟ್ಟಿದ್ರೆ ಕೆಲಸ ಉಳೀತಿತ್ತಾ ನಿಂಗೆ? ಅತ್ತಿಗೆಗೆ ಆಗ ಏಳು ತಿಂಗಳು." ಅವನು ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದ. "ಊರಿಗೆ ಹೇಳೋದು ಬೇಕಿರ್ಲಿಲ್ಲಪ್ಪ. ನನ್ನ ಹತ್ರ ಬಂದು ಹೇಳ್ತೀಯ ಅಂತಿದ್ದೆ. ಒಂದು ವಾರ ತಗೋತೀಯ ಅಂದ್ಕೊಂಡಿದ್ದೆ."

ಮಾಸ್ತರು ಬಾಗಿಲ ಕಡೆ ತಿರುಗಿದರು. "ನಾಳೆ ಎಲ್ಲರೆದುರಿಗೂ ಹೇಳ್ತೀನಿ."

"ಹೇಳು. ನಿಂಗೆ ಹಗುರ ಆಗುತ್ತೆ."

ಮರುದಿನ ಪಂದ್ಯ ಶುರುವಾಗುವ ಮುಂಚೆ ಮಾಸ್ತರು ಪರದೆಯ ಮುಂದೆ ನಿಂತು ಹೇಳಿದರು. ಕುರ್ಚಿಗಳನ್ನು ಸರಿಸಿ ಹಲಗೆಯನ್ನೂ ತೋರಿಸಿದರು, ಆನೆ ಯಾವ ಮೊಳೆಯಿಂದ ಯಾವ ಮೊಳೆಗೆ ಹೋಯಿತೆಂದು.

"ಬಿಡಿ ಮಾಸ್ತರೆ," ಎಂದರು ಟೈಲರ್ ಮೆಲ್ಲಗೆ, "ಚಪ್ಪಾಳೆ ಕೇಳಿ ಯಾರಾದ್ರೂ ಆಟ ಬದಲಾಯಿಸ್ತಾರಾ? ಆಸೆಬುರುಕ ಆಸೆಬುರುಕನೇ. ನಿಮ್ಮ ತಪ್ಪೇನಿಲ್ಲ."

"ಆದ್ರೂ ತಮ್ಮನ ಹೆಸರು ಉಳಿಸೋಕೆ ಈ ವಯಸ್ಸಲ್ಲಿ ಸುಳ್ಳು ತಲೆ ಮೇಲೆ ಹೊತ್ಕೊಂಡ್ರಲ್ಲ," ಎಂದರು ಪೋಸ್ಟ್‌ಮ್ಯಾನ್, ಕಣ್ಣೊರೆಸಿಕೊಳ್ಳುತ್ತ. "ಅಣ್ಣ ಅಂದ್ರೆ ಹಿಂಗಿರ್ಬೇಕು."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ಸೇರಿಕೊಂಡರು.

ಮಾಸ್ತರು ಕುರ್ಚಿಗಳನ್ನು ಮೊದಲಿದ್ದಂತೆಯೇ ಒಂದರ ಮೇಲೊಂದು ಪೇರಿಸಿ, ಕಿಟಕಿಯ ಪರದೆಗಳನ್ನು ಎಳೆದರು. ಬೆಳಕು ಬಿದ್ದರೆ ಗೋಡೆಯ ಮೇಲಿನ ಆಟ ಸರಿಯಾಗಿ ಕಾಣುವುದಿಲ್ಲ.