ವೀರಪ್ಪ ಮೇಷ್ಟ್ರ ಚಾಟ್ ಕ್ಲಾಸು

ಸಿಗ್ನಲ್ ಸಾಲದೆ ಚಾಟಿನಲ್ಲೇ ವಿಜ್ಞಾನ ಕಲಿಸುವ ನರಸಿಂಹರಾಜಪುರದ ವೀರಪ್ಪ ಮೇಷ್ಟ್ರು ಟೈಪು ಮಾಡುವುದೆಂದರೆ ಒಂದೇ ಬೆರಳಿನಲ್ಲಿ ಗದ್ದೆ ಉತ್ತಂತೆ. ಮಕ್ಕಳು ‘ಜಿಎಂ ಸರ್’ ಎಂದರೆ, ‘ಪೂರ್ತಿ ಬರೀರಿ, ಅಕ್ಷರಕ್ಕೇನು ಬರಗಾಲವೇ?’ ಎಂದು ಗದರುತ್ತಾರೆ. ಹೆಬ್ಬೆರಳಿನ ಚಿತ್ರ ಕಳಿಸಿದವರಿಗೆ ಗೈರುಹಾಜರಿ. ಪೀಠಿಕೆ, ಉಪಸಂಹಾರ ಸೇರಿಸಿ ಅವರು ಉತ್ತರ ಕಳಿಸುವಷ್ಟರಲ್ಲಿ ಮಕ್ಕಳು ಊಟಕ್ಕೆ ಕೂತಿರುತ್ತಾರೆ. ಮೊನ್ನೆ ಹೊಸ ಟವರ್ ಬಂದದ್ದೇ, ‘ಇನ್ನು ವಿಡಿಯೋದಲ್ಲೇ ಮಾತಾಡೋಣ ಸರ್’ ಎಂದು ಎಲ್ಲರೂ ದುಂಬಾಲು ಬಿದ್ದರು. ‘ನನ್ನ ಮೈಕ್ ಕೆಟ್ಟಿದೆ ಮಾರಾಯ್ರೇ’ ಎಂದು ಮೇಷ್ಟ್ರು ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದರು. ‘ಎಂತಕ್ಕೆ ಸುಳ್ಳು ಹೇಳ್ತೀರಿ?’ ಎಂದರು ಹೆಂಡತಿ ನೀಲಾಂಬಿಕೆ. ಮೇಷ್ಟ್ರು ಫೋನ್ ತೋರಿಸಿದರು. ಉಗ್ಗುವುದಕ್ಕೆ ಹೆದರಿ ಮೂರು ವರ್ಷ ತರಗತಿಯಲ್ಲಿ ಬಾಯಿಬಿಡದ ಪಕ್ಕದ ನಾರ್ವೆ ಹಳ್ಳಿಯ ಮಲ್ಲಿಕಾ ಆ ದಿನ ಕೇಳಿದ ಒಂಬತ್ತನೆಯ ಪ್ರಶ್ನೆ ಅಲ್ಲಿತ್ತು.