ಶಶಿಕಲಾ ಮತ್ತು ಅವಳ ಕಿವಿರಾಸುರ

ಶಶಿಕಲಾ ಮೊದಲ ಸಲ ರಾಯಚೂರಿನ ಮೀನು ಮಾರ್ಕೆಟ್ಟಿಗೆ ಬಂದ ದಿನ ಗದ್ದೆಮ್ಮ ಈಳಿಗೆ ಮುಂದೆ ಕೂತು ಕೊರಮೀನು ಕೊಯ್ಯುತ್ತಿದ್ದಳು. ಬಂದವಳು ರೇಟು ಕೇಳಲಿಲ್ಲ.

"ಯವ್ವಾ, ಅದರ ಕಿವಿರು ಎತ್ತಿ ತೋರಸ್ತೀಯೇನು?"

"ತಾಜಾ ಅದ ತಂಗಿ, ಕೆಂಪಗ ಅದ ನೋಡು. ಎಷ್ಟು ಕೊಡ್ಲಿ?"

"ತಿನ್ನಾಕಲ್ಲ. ನೀರು ಬಿಟ್ಟು ಬಂದ್ರೂ ಹ್ಯಾಂಗ ಉಸಿರಾಡ್ತದ ಅಂತ ನೋಡಾಕ."

ಮೀನು ಕೊಳ್ಳದೆ ಮೀನಿನ ಉಸಿರು ವಿಚಾರಿಸುವವರನ್ನು ಗದ್ದೆಮ್ಮ ಕಂಡಿರಲಿಲ್ಲ. ಪಕ್ಕದಲ್ಲಿ ಒಣಮೀನು ಮಾರುವ ಮಹಬೂಬೀ, "ಡಾಕ್ಟರ್ ಇರ್ಬೇಕು ಬಿಡವ್ವಾ, ಮೀನಿಗಿ ದಮ್ಮು ಬಂದಾದೇನೋ!" ಎಂದು ನಕ್ಕಳು.

ಡಾಕ್ಟರಲ್ಲ. ದೇವದುರ್ಗದ ಕಡೆಯವಳು, ತಾಯಿ ಹತ್ತಿ ಬಿಡಿಸಿ ಓದಿಸಿದ್ದಳು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವುದನ್ನು ಬಿಟ್ಟು, ಈಗ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮೊಬೈಲ್ ಆಟಕ್ಕೆ ರಾಕ್ಷಸನನ್ನು ಮಾಡುತ್ತಿದ್ದಳು. ಆಟದ ಕೊನೆಗೆ ಬರುವ, ಎಲ್ಲಕ್ಕಿಂತ ದೊಡ್ಡ ರಾಕ್ಷಸ. ಹೆಸರು ಕಿವಿರಾಸುರ. ಮೊಸಳೆಯ ಬಾಯಿ, ಎಮ್ಮೆಯ ಬೆನ್ನು, ಕಪ್ಪೆಯ ಹಾಗೆ ಬೆರಳ ನಡುವೆ ಚರ್ಮ. ನೀರಿನಲ್ಲಿ ಬಾಲ ಬೀಸಿದರೆ ಹರಿಗೋಲು ಮಗುಚುತ್ತದೆ. ದಡ ಹತ್ತಿದರೆ ಎರಡು ಕಾಲ ಮೇಲೆ ನಿಂತು ಕೆಸರು ಉಗುಳುತ್ತದೆ.

"ಎರಡೂ ಕಡಿ ಬದುಕ್ತದ ಅಂದ್ರ ಕಂಪನಿಯವ್ರು ನಂಬವಲ್ರು ಯವ್ವಾ. ಎರಡು ಸಲ ವಾಪಸ್ ಕಳಿಸ್ಯಾರ. ಇನ್ನೊಮ್ಮೆ ಬಂದ್ರ ಕೆಲಸಾನೇ ಹೋತು."

ಗದ್ದೆಮ್ಮನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೂ, ಕೊರಮೀನು ಹೊಟ್ಟೆಯಿಂದ ಗಾಳಿ ಎಳೆಯುತ್ತದೆ ಎಂದು ಖಾತ್ರಿಯಾಗಿ ಹೇಳಿಬಿಟ್ಟಳು. ಶಶಿಕಲಾ ಹೊಟ್ಟೆಯನ್ನೆಲ್ಲ ಹುಡುಕಿ, ಕಡೆಗೆ ಕಿವಿರಿನ ಮೇಲೆ, ತಲೆಯೊಳಗೆ ಒಂದು ಸಣ್ಣ ಗೂಡನ್ನು ತಾನೇ ಕಂಡುಹಿಡಿದಳು. "ಗಾಳಿ ಇಲ್ಲಿ ಹಿಡೀತದ ನೋಡು." ಗದ್ದೆಮ್ಮ ಬಗ್ಗಿ ನೋಡಿದಳು. ಇಷ್ಟು ಕಾಲ ಆ ತಲೆಗಳನ್ನು ಬೆಕ್ಕಿಗೆ ಎಸೆದಿದ್ದಳು.

ಸ್ವಲ್ಪ ದಿನ ಬಿಟ್ಟು ಶಶಿಕಲಾ ಹಿಗ್ಗುತ್ತಾ ಬಂದು ಮೊಬೈಲ್ ಹಿಡಿದಳು. ರಾಕ್ಷಸನ ತಲೆಯಲ್ಲೂ ಅದೇ ಗೂಡು. ನೀರಿನಲ್ಲಿದ್ದರೆ ಅದರ ಗಾಯ ಮಾಯುತ್ತದೆ. ಆಡುವವರು ದಡಕ್ಕೆ ಎಳೆದು ಆ ಗೂಡಿಗೇ ಹೊಡೆಯಬೇಕು. ಮೊಬೈಲಿನೊಳಗೆ ಹೊಡೆತ ಬಿದ್ದು ಕಿವಿರಾಸುರ ಮರಳಿನ ಮೇಲೆ ಬಾಯಿ ತೆರೆದು ಮುಚ್ಚುತ್ತಾ ಬಿತ್ತು.

"ಹಸಿವಿಗಿ ಹೊಡದ್ರೇನು?" ಎಂದು ಕೇಳಿದಳು ಗದ್ದೆಮ್ಮ.

"ಅಲ್ಲ, ಗೆಲ್ಲಾಕ."

"ಕೊಯ್ದು ತಿನ್ನಂಗಿಲ್ಲಾ?"

"ಇಲ್ಲ ಯವ್ವಾ."

"ಹಂಗಾರ ಬಾಯಿಗಿ ನೀರು ಬಿಡೋರು ಯಾರು?"

ಮಾನ್ವಿ ಕಡೆಯ ಚೀಕಲಪರ್ವಿಯಲ್ಲಿ, ಗದ್ದೆಮ್ಮನ ಗಂಡನ ಮನೆತನದವರು ಉಸಿರಿರುವ ಮೀನಿನ ಬಾಯಿಗೆ ಬೊಗಸೆ ನೀರು ಬಿಡದೆ ಈಳಿಗೆ ಹಚ್ಚುವುದಿಲ್ಲ. ಸಾಯುವ ಮನುಷ್ಯರಿಗೆ ಬಿಡುವ ಹಾಗೆಯೇ.

ಶಶಿಕಲಾ ನಕ್ಕಳು. "ನೀರು ಬಿಟ್ರ ಗಾಯ ಮಾದು ಎದ್ದು ನಿಂದಿರ್ತದ!"

"ಅದಕ್ಕಂತ ಒಣಬಾಯಾಗ ಸಾಯಬೇಕೇನು?"

"ಶರಬತ್ತೇ ಕೊಡ್ರಿ ಹಂಗಾರ!" ಎಂದಳು ಮಹಬೂಬೀ.

ಶಶಿಕಲಾಳ ನಗು ನಿಂತಿತು. ಮೀನಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು, ಮೊಬೈಲಿನಲ್ಲಿ ಬಾಯಿ ಬಿಡುತ್ತಿದ್ದ ರಾಕ್ಷಸನನ್ನೇ ನೋಡಿದಳು. ಸಂಜೆಯೊಳಗೆ ಕಂಪನಿಗೆ ಕಳಿಸಬೇಕು. ಈ ಸಲ ಉಸಿರು ಸರಿಯಾಗಿತ್ತು, ಸಾವು ಸರಿ ಕಾಣಲಿಲ್ಲ.

ಗದ್ದೆಮ್ಮನಿಗೂ ತಲೆ ಗಿರ್ರೆಂದಿತು. ನೀರು ಬಿಡಬೇಕು, ಬಿಟ್ಟರೆ ಏಳುತ್ತದೆ, ಎದ್ದರೆ ನೀರು ಬಿಟ್ಟವರನ್ನೇ ನುಂಗುತ್ತದೆ. ಅವಳು ನೀರು ಬಿಟ್ಟ ಯಾವ ಮೀನೂ ಇವತ್ತಿನವರೆಗೆ ಎದ್ದಿರಲಿಲ್ಲ.

ಶಶಿಕಲಾ ಕತ್ತೆತ್ತಿ ಕೇಳಿದಳು: "ಯವ್ವಾ, ನೀರು ಕುಡದು ಎದ್ದ ಮ್ಯಾಲ ಅದನ್ನ ಮತ್ತ ಹೊಡೀಬೇಕೋ, ಹೊಳಿಗಿ ಬಿಡಬೇಕೋ?"